ಎಡಗೆನ್ನೆಯ ಮಣಿ

"ನಾಲ್ಕು... ಐದು... ಆರು..."

ಏಳು ಅನ್ನುವ ಮೊದಲೇ ಟಕ್ ಎಂದು ಮಣಿ ಕಿತ್ತು ಬಂತು. ಇಕ್ಕಳದ ಬಾಯಲ್ಲಿ ಕಪ್ಪು ಮಣಿ, ಕೆಳಗೆ ಕ್ಲಾಂಪಿಗೆ ಸಿಕ್ಕಿಕೊಂಡ ಕಂದು ಬಣ್ಣದ ಬಟ್ಟೆಯ ಕರಡಿ. ಅದರ ಎಡಗೆನ್ನೆಯ ಮೇಲೆ ಎರಡೆಳೆ ದಾರ ಮಾತ್ರ ಉಳಿದಿತ್ತು.

ನೀಲಾಂಬಿಕಾ ಮಣಿಯನ್ನು ಮೇಜಿನ ಮೇಲಿದ್ದ ಪುಟ್ಟ ಉಕ್ಕಿನ ಕೊಳವೆಯೊಳಗೆ ಹಾಕಿದಳು. ಲ್ಯಾಬಿನವರ ಭಾಷೆಯಲ್ಲಿ ಅದು ಸಿಲಿಂಡರ್. ಕಾಮಾಕ್ಷಿಪಾಳ್ಯದ ಈ ಮೂರನೇ ಮಹಡಿಯಲ್ಲಿ, ಆಟಿಕೆ ಹೊಲಿಯುವ ಈ ಯುನಿಟ್ಟಿನಲ್ಲಿ, ಎಲ್ಲರೂ ಅದನ್ನು ಗಂಟಲು ಅನ್ನುತ್ತಿದ್ದರು. ಎಳೆ ಮಗುವಿನ ಗಂಟಲಿಗೆ ಹೊಂದಿಸಿ ಮಾಡಿದ ಅಳತೆ. ಆಟಿಕೆಯಿಂದ ಕಳಚಿದ ಚೂರು ಅದರೊಳಗೆ ಪೂರ್ತಿ ಇಳಿದರೆ ಆ ಆಟಿಕೆ ಬಾಗಿಲು ದಾಟುವಂತಿಲ್ಲ.

"ಇಳೀತು," ಎಂದಳು.

"ಕಂಡಿತು," ಎಂದ ಸುಘೋಷ್. ಮೇಜಿನ ಆಚೆ ಬದಿಯಲ್ಲಿ ಎರಡೂ ಮೊಣಕೈ ಊರಿ, ತನ್ನ ಕರಡಿಗೆ ಆಪರೇಷನ್ ಆಗುತ್ತಿದೆ ಅನ್ನುವಂತೆ ನಿಂತಿದ್ದ. ಕರಡಿಯ ಡಿಸೈನ್ ಅವನದು. ಯುನಿಟ್ಟಿನ ಮಾಲೀಕ ನಾಣಿಯವರ ಅಕ್ಕನ ಮಗ. ಎರಡು ತಿಂಗಳಿಂದ ಏನಾದರೊಂದು ನೆಪ ಹಿಡಿದು ಈ ಮೇಜಿಗೆ ಬರುತ್ತಿದ್ದ. "ಮೂರನೇ ಸಲ ರೀ. ನನ್ನ ಕರಡಿ ಮೇಲೆ ನಿಮಗೇನು ದ್ವೇಷ?"

"ಐವತ್ತು ನ್ಯೂಟನ್ ಎಳೆತ, ಹತ್ತು ಸೆಕೆಂಡ್ ತಡೀಬೇಕ್ರಿ. ನಿಮ್ಮ ಮಣಿ ಆರಕ್ಕ ಹೋತು."

"ಕಣ್ಣು?"

"ಕಣ್ಣು ಪಾಸ್. ಎಷ್ಟು ಎಳದ್ರೂ ಕಿತ್ತು ಬರಲಿಲ್ಲ."

"ನನ್ನವೂ ಅಷ್ಟೇ," ಎಂದ ಅವನು, ಸ್ವಲ್ಪ ತಡೆದು. "ಇಲ್ಲಿ ನಿಂತರೆ ಕಣ್ಣು ಕೀಳೋಕೆ ಬರಲ್ಲ."

ನೀಲಾಂಬಿಕಾ ರಿಜಿಸ್ಟರ್ ಎಳೆದುಕೊಂಡಳು. ಕಿವಿ ಬಿಸಿಯಾಗಿತ್ತು, ಪುಣ್ಯಕ್ಕೆ ಕೂದಲು ಇಳಿಬಿಟ್ಟಿದ್ದಳು. 'ಫೇಲ್' ಎಂದು ಬರೆದು, ಬೇಕಂತಲೇ ಎರಡು ಸಲ ಅಡಿಗೆರೆ ಎಳೆದಳು.

"ಅಡ್ಜಸ್ಟ್ ಮಾಡಿ. ಇನ್ನೊಂದು ಸಲ ಗಮ್ ಹಾಕಿಸ್ತೀನಿ."

"ಬ್ಯಾಡ್ರಿ."

"ನಿಮ್ಮ ಕಡೆ ಬೇಡ ಅನ್ನೋದು ಅಷ್ಟು ಜೋರಾಗಿ ಯಾಕೆ ಕೇಳುತ್ತೆ? ಮುಖಕ್ಕೇ ಬಾಗಿಲು ಹಾಕಿದ ಹಾಗೆ."

"ಚಿಲಕಾನೂ ಹಾಕ್ತೀವ್ರಿ."

ಅವನು ಪ್ರಯತ್ನಿಸಿದ. "ಬ್ಯಾಡ್ ರೀ."

"ನಿಮ್ಮ ಬಾಯಾಗ ಅದು ಬೇಡ್ಕೊಂಡಂಗ ಆಗತೈತಿ," ಎಂದಳು. ನಗಬಾರದು ಅಂದುಕೊಂಡಿದ್ದಳು, ನಕ್ಕಳು. ಮರುಕ್ಷಣವೇ ಗಂಭೀರಳಾದಳು. "ಮಣಿ ತೆಗೀರಿ. ದಾರದಾಗ ಕಪ್ಪು ಬೊಟ್ಟು ಹೊಲಿಸ್ರಿ. ಕಳಚಿ ಬೀಳೂದೇ ಇರಂಗಿಲ್ಲ."

ಕರಡಿಯ ವಿಶೇಷವೇ ಆ ಬೊಟ್ಟು. ಮಕ್ಕಳಿಗೆ ಇಡುವ ದೃಷ್ಟಿಬೊಟ್ಟನ್ನು ಕರಡಿಗೂ ಇಟ್ಟರೆ ಹೇಗೆ ಅನ್ನುವುದು ಸುಘೋಷನ ಯೋಚನೆ. ಅಂಗಡಿಯವರು ಮೆಚ್ಚಿ ಎಂಟುನೂರು ಕರಡಿ ಕೇಳಿದ್ದರು. ಇವತ್ತು ನಾಲ್ಕು ಗಂಟೆಗೆ ಟೆಂಪೋ. ಐಎಸ್‌ಐ ಮಾರ್ಕಿಗೆಂದು ಲ್ಯಾಬಿಗೆ ಹೋಗಿ ಪಾಸಾಗಿ ಬಂದ ಕರಡಿಯ ಕೆನ್ನೆಯಲ್ಲಿ ಮಣಿಯೇ ಇರಲಿಲ್ಲ. ಆಮೇಲೆ ಸೇರಿಸಿದ್ದು.

"ದಾರ ಆಗಲ್ಲ," ಎಂದ ಸುಘೋಷ್. ಅವನ ದನಿಯ ಆಟ ನಿಂತುಹೋಗಿತ್ತು. "ಅದು ಉಬ್ಬಿರಬೇಕು. ಮುಟ್ಟಿದರೆ ಬೆರಳಿಗೆ ಸಿಗಬೇಕು. ಮಣೀನೇ ಬೇಕು."

"ಮಗುವಿನ ಗಂಟಲಿಗಿಂತ ನಿಮ್ಮ ಮಣಿ ದೊಡ್ಡದೇನ್ರಿ?"

ಅವನ ಮುಖ ಸಣ್ಣದಾಯಿತು. ಟೀ ಲೋಟ ಎತ್ತಿಕೊಂಡು ಟೆರೇಸಿನ ಮೆಟ್ಟಿಲ ಕಡೆ ಹೋದ.

ಹೊಲಿಗೆ ಮಿಷನ್ನಿನ ಹಿಂದೆ ಕೂತಿದ್ದ ಗಂಗಲಕ್ಷ್ಮಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಹದಿನೆಂಟು ವರ್ಷದಿಂದ ಗೊಂಬೆಗಳಿಗೆ ಕೈಕಾಲು ಜೋಡಿಸುತ್ತಿದ್ದ ಅವರು ಎದ್ದು ಬಂದು, ಮಣಿ ಇದ್ದ ಇನ್ನೊಂದು ಕರಡಿಯನ್ನು ನೀಲಾಂಬಿಕಾಳ ಮುಖದ ಪಕ್ಕಕ್ಕೆ ಹಿಡಿದರು.

"ಅಷ್ಟೆಲ್ಲ ಅಳತೆ ತೆಗೀತೀಯ. ಇದನ್ನ ನೋಡ್ಲಿಲ್ವೇನೇ?"

"ಏನ್ರಿ ಅಕ್ಕಾ?"

"ದೃಷ್ಟಿಬೊಟ್ಟನ್ನ ಯಾರು ಕಣೇ ಬಾಯಿ ಪಕ್ಕದಲ್ಲಿ ಇಡ್ತಾರೆ?"

ನೀಲಾಂಬಿಕಾಳ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ತುಟಿಯ ತುದಿಯಿಂದ ಒಂದು ಬೆರಳು ಆಚೆ, ಹುಟ್ಟಿದಾಗಿನಿಂದ ಇದ್ದ ಮಚ್ಚೆ. ಉಬ್ಬಿದ್ದು. ಬೆರಳಿಗೆ ಸಿಗುವಂಥದ್ದು.

ಮೂರು ಸಲ ಇಕ್ಕಳ ಹಾಕಿ ಕಿತ್ತದ್ದು ಅದನ್ನೇ.

ಟೆರೇಸಿನಲ್ಲಿ ಅವನು ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದ. ಕೈಯಲ್ಲಿ ತಣ್ಣಗಾದ ಟೀ. ದೂರದಲ್ಲಿ ಮೆಟ್ರೋ ವಿಜಯನಗರದ ಕಡೆ ತಿರುಗುತ್ತಿತ್ತು; ಸಂಜೆ ಅದರಲ್ಲೇ ಅವಳು ದೀಪಾಂಜಲಿ ನಗರದ ತನ್ನ ರೂಮಿಗೆ ಹೋಗಬೇಕು. ಬಿಸಿಲು ಚುರುಗುಟ್ಟುತ್ತಿತ್ತು. ಹತ್ತಿ ತುಂಬಿ ಬಂದು ಈಗ ಖಾಲಿಯಾದ ಚೀಲಗಳು ಗಾಳಿಗೆ ಒಂದರ ಮೇಲೊಂದು ಬೀಳುತ್ತಿದ್ದವು.

"ಕೇಳದೇ ನನ್ನ ಮಚ್ಚಿ ಎಂಟುನೂರು ಮನಿಗೆ ಕಳಸಾಕ ಹೊಂಟಿದ್ರೇನು?" ಎಂದಳು.

ಅವನು ಟೀ ಚೆಲ್ಲಿಕೊಂಡ. "ಗಂಗಲಕ್ಷ್ಮಮ್ಮ ಹೇಳಿದ್ರಾ?"

"ಕರಡಿ ಹೇಳಿತು."

"ಕೇಳೋಕೆ ಧೈರ್ಯ ಇರಲಿಲ್ಲ. ಡ್ರಾಯಿಂಗ್ ಮಾಡ್ತಾ ಕೂತರೆ ಪೆನ್ಸಿಲ್ ತಾನೇ ಅಲ್ಲಿಗೆ ಹೋಗಿ ನಿಲ್ಲೋದು." ಅಂಗಿಯ ಮೇಲಿನ ಕಲೆಯನ್ನು ಅವನು ಒರೆಸಿಕೊಳ್ಳಲಿಲ್ಲ, ಅವಳ ಕೆನ್ನೆಯನ್ನು ನೋಡಿದ, ಕಣ್ಣನ್ನು ನೋಡಿದ, ಮತ್ತೆ ಕೆನ್ನೆಗೇ ಬಂದ. "ನನಗೆ ನೀವು ಇಷ್ಟ, ನೀಲಾಂಬಿಕಾ. ನೀವು ಫೇಲ್ ಅಂತ ಬರೆದು ಎರಡು ಗೆರೆ ಎಳೀತೀರಲ್ಲ, ಅದೂ ಇಷ್ಟ."

ಎರಡು ತಿಂಗಳಿಂದ ಅವಳು ಕಾಯುತ್ತಿದ್ದ ಮಾತು. ಬಂದ ಮೇಲೆ ಅವಳಿಗೆ ಸಿಟ್ಟೇ ಬಂತು. ಮಾತು ಸಿಹಿಯಾಗಿತ್ತು, ಅದರ ಹಿಂದೆ ಆ ಮಣಿ ಇತ್ತು.

"ನಮ್ಮಕ್ಕನ ಮಗಳು ಭುವನೇಶ್ವರಿ," ಎಂದಳು. "ಹನ್ನೊಂದು ತಿಂಗಳ ಕೂಸು ಇದ್ದಾಗ ಗೊಂಬಿ ಮ್ಯಾಲಿನ ಮಣಿ ನುಂಗಿತ್ತು. ತುಟಿ ನೀಲಿ ಆದ್ವು. ನಮ್ಮವ್ವ ಬೋರಲು ಹಾಕಿ ಬೆನ್ನಿಗೆ ಬಡದು ಬಡದು ತೆಗದ್ಳು. ಈಗ ಎರಡನೇ ಕ್ಲಾಸು, ಬಾಯಿ ಮುಚ್ಚಂಗಿಲ್ಲ. ಆದ್ರ ಆ ಎರಡು ನಿಮಿಷ ನಮ್ಮನಿಯಾಗ ಇನ್ನೂ ಮುಗದಿಲ್ಲ."

ಅವನು ಟೀ ಲೋಟವನ್ನು ಕೆಳಗಿಟ್ಟ.

"ಅದು ನನ್ನ ಮಚ್ಚಿ ಅಂತ ಗೊತ್ತಾದ ಮ್ಯಾಲೆ ಇನ್ನೂ ಗಟ್ಟಿ ಫೇಲ್. ನನ್ನ ಮಚ್ಚಿ ಯಾವ ಕೂಸಿನ ಗಂಟಲಾಗೂ ಸಿಗಬಾರದು."

ಅವನು ಜೇಬಿನಿಂದ ಮೊದಲ ಸ್ಯಾಂಪಲ್ ಕರಡಿಯನ್ನು ತೆಗೆದ. ಅಂಗೈಯಷ್ಟೇ ದೊಡ್ಡದು. ಕೆನ್ನೆಯ ಮಣಿಯನ್ನು ಹಿಡಿದು ತಿರುಚಿದ. ಬಂದುಬಿಟ್ಟಿತು, ಅಷ್ಟು ಸುಲಭವಾಗಿ. ಅವನ ಮುಖದ ಬಣ್ಣ ಹೋಯಿತು.

"ದಾರದಲ್ಲೇ ಉಬ್ಬಿ ನಿಲ್ಲೋ ಹಾಗೆ ಹೊಲಿಯೋಕಾಗುತ್ತಾ?"

"ಗಂಟು ಹೊಲಿಗಿ ಹಾಕಿದ್ರ ಆಗತೈತಿ. ಎಳದಷ್ಟೂ ಬಿಗಿ ಆಗತೈತಿ ಅದು. ಎಂಟುನೂರಕ್ಕ ನಾಲ್ಕು ದಿನ ಬೇಕು. ಹಾಕಿದ ಮ್ಯಾಲೆ ಅದನ್ನೂ ಎಳದು ನೋಡ್ತೀನಿ."

"ಮತ್ತೆ ನನ್ನ ಮಾತಿಗೆ ಉತ್ತರ?"

"ನಿಮ್ಮನ್ನ ಇನ್ನೂ ಟೆಸ್ಟ್ ಮಾಡಿಲ್ಲ," ಎಂದು ಅವಳು ಮೆಟ್ಟಿಲು ಇಳಿದಳು. ಅವನು ನಗುತ್ತ ಹಿಂದೆ ಬಂದ. ಕೊನೆಯ ಮೆಟ್ಟಿಲಲ್ಲಿ ಇಬ್ಬರ ನಗುವೂ ನಿಂತಿತು.

ನಾಣಿಯವರು ಅವಳ ಮೇಜಿನ ಮುಂದೆ ಕೂತಿದ್ದರು. ರಿಜಿಸ್ಟರ್ ತೆರೆದಿತ್ತು. ಕೆಳಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು.

"ನೀಲಾ, ಬಾಮ್ಮ. ಇದೊಂದು ಬ್ಯಾಚಿಗೆ ಸೈನ್ ಹಾಕ್ಬಿಡು. ಮುಂದಿನದ್ದು ನೀನು ಹೇಳಿದ ಹಾಗೇ ಮಾಡೋಣ."

"ಬ್ಯಾಡ್ರಿ ಸಾರ್."

"ಮಣೀನ ಯಾರೂ ಅಷ್ಟು ಜೋರಾಗಿ ಎಳೆಯಲ್ಲಮ್ಮ."

"ಮಕ್ಕಳು ಎಳೀತಾವ್ರಿ. ಅವಕ್ಕ ಬ್ಯಾರೆ ಕೆಲಸ ಇಲ್ಲ."

ಗಂಗಲಕ್ಷ್ಮಮ್ಮನ ಮಿಷನ್ ಕಡೆಯಿಂದ ಕೆಮ್ಮಿನಂಥ ನಗು ಬಂತು. ನಾಣಿ ನಗಲಿಲ್ಲ. ಕೆಟ್ಟ ಮನುಷ್ಯರಲ್ಲ, ಯಾರಿಗಾದರೂ ಜ್ವರ ಬಂದರೆ ತಾವೇ ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಬರುವವರು. ಅದಕ್ಕೇ ಅವರಿಗೆ ಬೇಡ ಅನ್ನುವುದು ಕಷ್ಟ.

ಅವರು ಅಕ್ಕನ ಮಗನ ಕಡೆ ತಿರುಗಿದರು.

"ಸುಘೋಷ್, ಇವಳು ರಜದಲ್ಲಿದ್ದಾಗ ಸೈನ್ ಹಾಕೋ ಅಧಿಕಾರ ನಿನಗಿದೆ. ಇವತ್ತು ಮಧ್ಯಾಹ್ನದಿಂದ ಇವಳಿಗೆ ರಜ." ಆಮೇಲೆ ದನಿ ತಗ್ಗಿಸಿದರು. "ಮೇಲೆ ಏನು ಮಾತಾಯ್ತು ಅಂತ ನಾನು ಕೇಳಲ್ಲ. ನಿನ್ನ ಕರಡಿ ಕೆನ್ನೆ ನಾನೂ ನೋಡಿದೀನಿ. ನಿಮ್ಮಮ್ಮ ಬೇರೆ ಕಡೆ ಹುಡುಗೀನ ಒಪ್ಪಲ್ಲ, ಗೊತ್ತಲ್ಲ? ಆದರೆ ನನ್ನ ಮಾತು ಅಕ್ಕ ಯಾವತ್ತೂ ಮೀರಿಲ್ಲ. ಸೈನ್ ಹಾಕು. ಇವತ್ತು ಸಂಜೇನೇ ಬಸವೇಶ್ವರನಗರಕ್ಕೆ, ನಿಮ್ಮನೆಗೆ ಬಂದು ಮಾತಾಡ್ತೀನಿ. ಇವಳ ಊರಿಗೂ ನಾನೇ ಹೋಗ್ತೀನಿ. ಸೋದರಮಾವ ನಿಂತು ಮದುವೆ ಮಾಡಿಸ್ತಾನೆ. ಸೈನ್ ಹಾಕಲ್ವಾ, ಅಕ್ಕನ ಹತ್ರ ನೀನೇ ಹೋರಾಡ್ಕೋ."

ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಹಿಡಿದರು.

ನೀಲಾಂಬಿಕಾಳಿಗೆ ಎದೆಯಲ್ಲಿ ಏನೋ ಕಚ್ಚಿ ಎಳೆದಂತಾಯಿತು. ಅವಳಿಗೆ ಅದು ಬೇಕಿತ್ತು. ಇಷ್ಟು ಬೇಕಿತ್ತು ಅನ್ನುವುದು, ಅದನ್ನು ಹೀಗೆ ಪೆನ್ನಿನ ತುದಿಗೆ ಕಟ್ಟಿ ಹಿಡಿದಾಗಲೇ ಗೊತ್ತಾದದ್ದು. ಆದರೆ ಅವನು ಆ ಪೆನ್ನು ಮುಟ್ಟಿದರೆ ನಾಳೆಯಿಂದ ತಾನು ಈ ಮೇಜಿಗೂ ಬರುವುದಿಲ್ಲ, ಆ ಮನೆಗೂ ಹೋಗುವುದಿಲ್ಲ. ಅಷ್ಟನ್ನು ತೀರ್ಮಾನಿಸಿ ಬೆನ್ನು ನೇರ ಮಾಡಿಕೊಂಡು ನಿಂತಳು.

ಅಭ್ಯಾಸಬಲ. ಮನಸ್ಸಿನೊಳಗೇ ಎಣಿಸತೊಡಗಿದಳು. ಒಂದು. ಎರಡು.

ಸುಘೋಷ್ ಪೆನ್ನನ್ನು ನೋಡಿದ. ಮೂರು. ರಿಜಿಸ್ಟರಿನಲ್ಲಿ ಎರಡು ಗೆರೆ ಎಳೆದಿದ್ದ ಅವಳ ಅಕ್ಷರ ನೋಡಿದ. ನಾಲ್ಕು, ಐದು. ಮಾವನ ಮುಖ ನೋಡಿದ. ಅವರು ಪ್ರೀತಿಯಿಂದಲೇ ತಲೆಯಾಡಿಸಿದರು, ಹಾಕು ಮಗಾ ಅನ್ನುವಂತೆ. ಆರು. ಅವನ ಕೈ ಮೇಜಿನ ಕಡೆ ಚಾಚಿತು.

ಕೈ ಪೆನ್ನನ್ನು ದಾಟಿ, ಉಕ್ಕಿನ ಗಂಟಲಿನೊಳಗೆ ಬಿದ್ದಿದ್ದ ಕಪ್ಪು ಮಣಿಯನ್ನು ಎತ್ತಿಕೊಂಡಿತು. ಏಳು. ಎಂಟು. ಕೆಳಗೆ ಟೆಂಪೋ ಮತ್ತೊಮ್ಮೆ ಕೂಗಿತು. ಅವನು ಮಣಿಯನ್ನು ಮಾವನ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಮಡಚಿದ. ಒಂಬತ್ತು.

ಹತ್ತು.

"ಬ್ಯಾಡ್ರಿ," ಎಂದ, ಬಾಗಿಲು ಎಳೆದು ಚಿಲಕ ಹಾಕಿದ ಹಾಗೆ.