ನಾಣ್ಯಕ್ಕೆ ಸಿಕ್ಕ ಉತ್ತರ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಿವಿಯಾರೆ ಕೇಳಿದ್ದನ್ನಷ್ಟೇ ಹೇಳುತ್ತೇನೆ. ಪಿಟ್ಸ್‌ಬರ್ಗಿನಲ್ಲಿ ಹಿಮ ಬಿದ್ದರೆ ನಮ್ಮಂಥ ರೇಸಿನವರು ನೆಲಮಾಳಿಗೆ ಸೇರಿ ಸೈಕಲ್ ಜೋಡಿಸುತ್ತಾ ಕೂರುತ್ತೇವೆ. ಆ ಸಲ ನಾನು ಅಂಚೆಯಲ್ಲಿ ಒಂದು ಕಾರ್ಬನ್ ಫ್ರೇಮು ತರಿಸಿದ್ದೆ. ಬಣ್ಣವಿಲ್ಲ, ಕಂಪನಿಯ ಹೆಸರಿಲ್ಲ, ಬರೀ ಕಪ್ಪು.

ನನ್ನ ಜೊತೆ ರೇಸಿಗೆ ಬರುವ ಲೊರೆಟ್ಟಾ ಚಕ್ರ ಹಾಕಲು ಬಿಡಲಿಲ್ಲ. "ಮೊದ್ಲು ನಾಣ್ಯದಲ್ಲಿ ಕುಟ್ಟಿ ನೋಡೋ ವೆಂಡೆಲ್. ಒಳಗೆ ಬಿರುಕಿದ್ರೆ ಸದ್ದು ಮಂದ ಆಗತ್ತೆ. ನೋಡ್ದೇ ಹತ್ತಿದ್ರೆ ಇಳಿಜಾರಲ್ಲಿ ನಿನ್ ಹಲ್ಲು ಆರ್ಸೋಕೆ ನಾನೇ ಬರ್ಬೇಕು."

ಕುಟ್ಟುತ್ತಾ ಹೋದೆ. ಸೀಟಿನ ಕೆಳಗಿನ ಕೊಳವೆಗೆ ಬಂದಾಗ ಸದ್ದು ಮಂದವಾಯಿತು. ಕೈ ತೆಗೆದೆ. ಒಳಗಿನಿಂದ ಟಕ್, ಟಕ್ ಎಂದಿತು.

"ಆಟ ಆಡ್ಬೇಡ," ಎಂದು ಲೊರೆಟ್ಟಾ ನಾಣ್ಯ ಕಿತ್ತುಕೊಂಡು ತಾನೇ ಮೂರು ಸಲ ಕುಟ್ಟಿದಳು. ಮೂರು ಸಲ ಉತ್ತರ ಬಂತು. ನಾವು ಸುಮ್ಮನಿದ್ದರೆ ಅದೂ ಸುಮ್ಮನಿರುತ್ತಿತ್ತು. ಫ್ರೇಮೆಲ್ಲ ಕೊರೆಯುವಷ್ಟು ತಣ್ಣಗಿದ್ದರೂ ಆ ಜಾಗ ಮಾತ್ರ ಬೆಚ್ಚಗಿತ್ತು.

ಕೆಟ್ಟ ಫ್ರೇಮನ್ನು ನಾವು ಇಡಿಯಾಗಿ ಎಸೆಯುವುದಿಲ್ಲ; ಯಾರಾದರೂ ಎತ್ತಿಕೊಂಡು ಹೋಗಿ, ಹತ್ತಿ, ಸತ್ತಾರು. ಗರಗಸದಿಂದ ಅದನ್ನು ಎರಡು ಹೋಳು ಮಾಡಿದೆವು. ಆ ಕೊಳವೆಯೂ ನಡುವೆ ತುಂಡಾಯಿತು. ಒಳಗೆ ಏನೂ ಇರಲಿಲ್ಲ.

"ಗೊತ್ತಿರೋರಿಗೆ ತೋರಿಸ್ತೀನಿ," ಎಂದು ಲೊರೆಟ್ಟಾ ಒಂದು ಹೋಳನ್ನು ನದಿಯಾಚೆಯ ತನ್ನ ಮನೆಗೆ ಒಯ್ದಳು. ಇನ್ನೊಂದನ್ನು ನಾನು ಕಸಕ್ಕೆ ಹಾಕಿದೆ.

ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು.

"ಲೋ, ಕುಟ್ಟೋದು ನಿಲ್ಸೋ! ಇಲ್ಲಿ ನನ್ ಹೋಳು ಉತ್ತರ ಕೊಡ್ತಾನೇ ಇದೆ."

ನನ್ನ ಹೋಳನ್ನು ಕಸದ ಲಾರಿ ಶುಕ್ರವಾರವೇ ಒಯ್ದಿತ್ತು.