ಇಬ್ಬರೂ ಕದ್ದುಮುಚ್ಚಿ ಬಂದ ಕ್ಲಿನಿಕ್

"ನೀವಾ?"

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಮೂರು ಬಸ್ಸು ಬದಲಿಸಿ, ಊರಿನ ಇನ್ನೊಂದು ತುದಿಯ ಕ್ಲಿನಿಕ್ಕಿಗೆ ಬಂದರೆ, ಬೆಂಚಿನ ಮೇಲೆ ಕೂತಿದ್ದವನು ಕಟ್ಟಿಕೊಂಡ ಗಂಡನೇ!

ಟ್ಯಾಕ್ಸಿ ಓಡಿಸುವ ಅವನು ಬೆಳಿಗ್ಗೆ ದೂರದ ಬಾಡಿಗೆ ಇದೆ ಎಂದು ಹೊರಟಿದ್ದ. ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಅವಳು ಅಮ್ಮನಿಗೆ ಹುಷಾರಿಲ್ಲ ಎಂದಿದ್ದಳು. ಗೋಡೆಯ ಮೇಲೆ ‘ದಾಂಪತ್ಯ ಸಮಸ್ಯೆಗಳ ತಜ್ಞರು’ ಎಂದು ಮಾರುದ್ದ ಬರೆದಿದ್ದರು. ಕೆಮ್ಮಿಗೆ ಬಂದೆ ಎನ್ನುವ ದಾರಿಯೂ ಇರಲಿಲ್ಲ, ಪಾಪ.

ಅವಳು ದೊಪ್ಪನೆ ಕೂತಳು. ಜಗಳವಾಡಲೂ ತ್ರಾಣವಿರಲಿಲ್ಲ.

ಎಂಟು ತಿಂಗಳಾಗಿತ್ತು ಅವನು ಅವಳನ್ನು ಮುಟ್ಟಿ. ‘ನನ್ನ ಮೇಲೆ ಇವರಿಗೆ ಮನಸ್ಸಿಲ್ಲ... ದೋಷ ನನ್ನದೇ ಅಂತ ಡಾಕ್ಟರೂ ಹೇಳಿಬಿಟ್ಟರೆ ನಾಳೆಯೇ ತವರಿಗೆ ಹೋಗಿಬಿಡ್ತೀನಿ...’ ಎಂದುಕೊಂಡೇ ಬಂದಿದ್ದಳು.

ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೇ ಕರೆದರು. ಹಾಸಿಗೆಯ ಮಾತೇ ಎತ್ತದೆ, ದಿನಚರಿ ಕೇಳಿದರು.

"ದಿನಕ್ಕೆ ಸಿಗರೇಟು ಎಷ್ಟಪ್ಪಾ?"

"ಒಂದು... ಇಪ್ಪತ್ತು."

"ನಿದ್ದೆ?"

"ಗಾಡಿಯಲ್ಲೇ ಒಂದಿಷ್ಟು."

"ನಿಂದಮ್ಮಾ?"

"ಮೂರು ಗಂಟೆಗೆ ಏಳ್ತೀನಿ. ಮಧ್ಯಾಹ್ನದ ತನಕ ಬರೀ ಕಾಫಿ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಸಿಗರೇಟಿಂದ ರಕ್ತನಾಳ ಕಿರಿದಾಗುತ್ತೆ. ಎಷ್ಟೋ ಗಂಡಸರಿಗೆ ಅದು ಮೊದಲು ಗೊತ್ತಾಗೋದು ಹಾಸಿಗೆಯಲ್ಲೇ. ಊಟ ನಿದ್ದೆ ಇಲ್ಲದೆ ದಣಿದ ಹೆಂಗಸಿಗೆ ಆಸೆ ಎಲ್ಲಿಂದ ಬರಬೇಕು? ಮೈ ಒಪ್ಪದಿದ್ರೆ ನೋವೂ ಆಗುತ್ತೆ. ರಕ್ತ ಪರೀಕ್ಷೆ ಮಾಡಿಸೋಣ, ಬೇರೇನಾದ್ರೂ ಇದ್ರೆ ತಿಳಿಯುತ್ತೆ. ಅದಿರಲಿ... ಇಬ್ಬರೂ ಇದನ್ನ ಒಬ್ಬರಿಗೊಬ್ಬರು ಹೇಳೇ ಇಲ್ವಾ?"

ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟು ಹೊರಬಂದರು.

ಹೊರಗೆ ಮಧ್ಯಾಹ್ನದ ಬಿಸಿಲು. ಟ್ಯಾಕ್ಸಿಯೊಳಗೆ ಕೂತರೂ ಅವನು ಗಾಡಿ ಶುರು ಮಾಡಲಿಲ್ಲ.

"ನಿಮಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ," ಎಂದಳು ಅವಳು. "ತವರಿಗೆ ಹೊರಟೇಬಿಟ್ಟಿದ್ದೆ ರೀ."

"ನೀನು ಬೇಡವಾ?" ಎಂದ ಅವನು. "ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ... ಹೇಳೋಕೆ ನಾಚಿಕೆ. ಅದಕ್ಕೇ ದಿನಾ ನೀನು ಮಲಗಿದ ಮೇಲೆ ಮನೆಗೆ ಬರ್ತಿದ್ದೆ."

"ನಾನು ಮಲಗಿರ್ತಿರ್ಲಿಲ್ಲ."

ಅವನು ತಿರುಗಿ ನೋಡಿದ.

"ಕಣ್ಣು ಮುಚ್ಕೊಂಡು ಬಿದ್ದಿರ್ತಿದ್ದೆ. ನೀವು ಮುಟ್ಟಿದ್ರೆ ನೋವಾಗುತ್ತೆ ಅಂತ ಭಯ... ಮುಟ್ಟದಿದ್ರೆ ಅಳು."

ಎಂಟು ತಿಂಗಳು ಒಂದೇ ಮಂಚದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಮಲಗಿದ್ದರು. ಅದನ್ನು ನೆನೆದು ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಈಗ ಎಲ್ಲಿಗೆ ಹೋಗೋಣ?" ಎಂದ, ಅವಳ ಕಣ್ಣೊರೆಸುತ್ತ.

"ಮನೆಗೆ. ಏನಾದ್ರೂ ತಿಂದು ಮಲಗೋಣ. ಇವತ್ತು ಬರೀ ನಿದ್ದೆ ರೀ... ಕೈ ಮಾತ್ರ ಹಿಡ್ಕೊಂಡಿರಿ."

"ನಿದ್ದೇಲಿ ಬಿಟ್ಬಿಟ್ರೆ?"

"ನಾನು ಹಿಡ್ಕೊಂಡಿರ್ತೀನಿ."