ಟಾಪಿನ ಬಟ್ಟೆ

ಶಿವನಂಜಮ್ಮನಿಗೆ ಊರಲ್ಲಿ ಕೂಲಿ ಇರಲಿಲ್ಲ. ಕೌದಳ್ಳಿ ಕಡೆಯ ಆ ಊರಲ್ಲಿ ಹೆಂಗಸರಿಗೆ ಕೂಲಿ ಎಂದರೆ ರೇಷ್ಮೆ ಹುಳದ ಕೂಲಿ. ಸೊಪ್ಪು ಕೊಯ್ಯಬೇಕು, ಸಣ್ಣಗೆ ಹೆಚ್ಚಬೇಕು, ತಟ್ಟೆಯ ಕಸ ತೆಗೆಯಬೇಕು. ಹುಳ ಸಾಕುವ ಯಾವ ಮನೆಯವರೂ ಅವಳನ್ನು ಹೊಸಲು ದಾಟಲು ಬಿಡುತ್ತಿರಲಿಲ್ಲ.

ಹಾಗೆ ಮಾಡಿಟ್ಟವನು ಶಿವಕುಮಾರಸ್ವಾಮಿ, ಮೊದಲು ಅವಳು ಹುಳದ ಕೂಲಿಗೆ ಹೋಗುತ್ತಿದ್ದ ಮನೆಯ ಯಜಮಾನ. ಮೋಡ ಕವಿದ ವಾರ ಒದ್ದೆ ಸೊಪ್ಪನ್ನೇ ಹಾಕಿ ಎಂದವನು ಅವನು. ಸಪ್ಪೆ ರೋಗ ಬಂದು ಬೆಳೆಯೆಲ್ಲ ಕೊಳೆತಾಗ ಜಗಲಿಯ ಮೇಲೆ ನಿಂತು, "ಮುಟ್ಟಾದೋಳು ಒಳಿಕ್ಕೋಗವ್ಳೆ, ಇನ್ನೇನಾದದು" ಎಂದ. ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಆ ಮಾತು ಸಂಜೆಯೊಳಗೆ ಊರು ಸುತ್ತಿತು. ಹೌದಾ ಅಲ್ಲವಾ ಎಂದು ಯಾರೂ ಶಿವನಂಜಮ್ಮನನ್ನು ಕೇಳಲಿಲ್ಲ. ಕೇಳಿದ್ದರೂ ಅಲ್ಲ ಎನ್ನುವುದಕ್ಕೆ ಹೆಂಗಸು ಯಾವ ಸಾಕ್ಷಿ ತಂದಾಳು? ಅಂದಿನಿಂದ ಅವಳು ಒಡೆಯರಪಾಳ್ಯದ ಟಿಬೆಟಿನವರ ಹೊಲಕ್ಕೆ ಮುಸುಕಿನ ಜೋಳ ಮುರಿಯಲು ಹೋಗುತ್ತಿದ್ದಳು. ಜೋಳ ಮುಗಿದರೆ ಮನೆಯಲ್ಲಿ ಕೂರುತ್ತಿದ್ದಳು.

ಅವಳ ತಮ್ಮ ಮಾದೇಶ ಕೊಳ್ಳೇಗಾಲದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕಾರು, ಜೀಪುಗಳ ಸೀಟು ಹೊಲಿಯುತ್ತಿದ್ದ. ಎಂಬತ್ತೊಂಬತ್ತರಲ್ಲಿ ಒಂದು ಮಧ್ಯಾಹ್ನ ಶಿವಕುಮಾರಸ್ವಾಮಿಯ ಬಿಳಿ ಅಂಬಾಸಿಡರ್ ಅವನ ಅಂಗಡಿ ಮುಂದೆ ನಿಂತಿತು. ಒಳಗೆ ಚಾವಣಿಗೆ ಕಟ್ಟಿದ ಟಾಪಿನ ಬಟ್ಟೆ ಹೊಲಿಗೆ ಬಿಟ್ಟು, ಬಾಣಂತಿಯ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು.

"ನಮ್ ತಲೆಗ್ ತಗುಲುದ್ರೆ ತಗುಲ್ಲಿ. ಉಳುದ್ ತಟ್ಟೆಗೆ ತಗುಲ್ತದೆ ಕಣ್ಲಾ," ಎಂದ ಶಿವಕುಮಾರಸ್ವಾಮಿ. "ಇಲ್ಲಿಂದ ಚಾಕಿ ಮರಿಉಳ ತಕಂಡೋಗಬೇಕು. ಕಸ ಎಲ್ಲಾ ಅದ್ರ ಮ್ಯಾಕೇ ಉದುರ್ತದೆ."

"ಒಲ್ದುಕೊಡ್ತೀನಿ ಬುದ್ದಿ."

"ಗಮ್ಮು ಗಿಮ್ಮು ಬಳೀಬ್ಯಾಡ. ಆ ವಾಸ್ನೆ ಉಳಕ್ಕಾಗಲ್ಲ."

"ಗೊತ್ತು ಬುದ್ದಿ. ನಾನೂ ಆ ಊರೋನೇ ಅಲ್ವಾ."

ಆಗ ಶಿವಕುಮಾರಸ್ವಾಮಿ ಕನ್ನಡಕ ಸರಿಮಾಡಿಕೊಂಡು ನೋಡಿದ. "ಅಲ್ಲಲಾ, ನೀನು ಶಿವನಂಜಿ ತಮ್ಮ ಅಲ್ವಾ? ಎಂಗವ್ಳೆ ಅವ್ಳು? ಯಾಕೋ ಕೆಲ್ಸುಕ್ ಬರೋದೇ ಬುಟ್ಬುಟ್ಲು."

ಅದು ಕುಹಕವಲ್ಲ. ಅವನು ನಿಜವಾಗಿ ಮರೆತಿದ್ದ. ಕುಹಕವಾಗಿದ್ದರೆ ಮಾದೇಶ ನುಂಗಿಕೊಳ್ಳುತ್ತಿದ್ದನೋ ಏನೋ. "ಅವ್ಳೆ ಬುದ್ದಿ, ಚೆನ್ನಾಗವ್ಳೆ" ಎಂದು ಕೀಲಿ ಇಸಿದುಕೊಂಡ. ಕೀಲಿ ಅಂಗೈಯಲ್ಲಿ ಇನ್ನೂ ಬೆಚ್ಚಗಿರುವಾಗಲೇ ಏನು ಮಾಡಬೇಕೆಂದು ಅವನಿಗೆ ಹೊಳೆದಿತ್ತು.

ಅಂಬಾಸಿಡರ್ ಟಾಪಿಗೆ ಬಟ್ಟೆ ಅಂಟಿಸುವುದಿಲ್ಲ. ಅಡ್ಡಕ್ಕೆ ಬಾಗಿದ ಕಬ್ಬಿಣದ ಕಂಬಿಗಳಿರುತ್ತವೆ. ಬಟ್ಟೆಯ ಹಿಂಬದಿಗೆ ಉದ್ದುದ್ದ ಪಟ್ಟಿ ಹೊಲಿದು, ಚಡ್ಡಿಗೆ ಲಾಡಿ ತೂರಿಸಿದ ಹಾಗೆ ಕಂಬಿ ತೂರಿಸಬೇಕು. ದಾರ ಕೊಳೆತರೆ ಬಟ್ಟೆ ಕಂಬಿಯನ್ನು ಬಿಟ್ಟು ಇಳಿಯುತ್ತದೆ. ಆ ಒಂದೊಂದು ಪಟ್ಟಿಯೂ ಒಂದೊಂದು ಸಣ್ಣ ಚೀಲ ಎನ್ನುವುದು ಮಾದೇಶನಿಗೆ ಗೊತ್ತಿತ್ತು. ಚೀಲವಿದ್ದ ಮೇಲೆ ಅದರೊಳಗೆ ಏನಾದರೂ ತುಂಬಬಹುದು.

ಕೊಳ್ಳೇಗಾಲದಲ್ಲಿ ಎಲ್ಲರೂ ಮುಖಪರಿಚಯದವರು. ಅದಕ್ಕೇ ಯಳಂದೂರಿಗೆ ಹೋಗಿ, ಭತ್ತಕ್ಕೆ ಎರಚುವ ಔಷಧಿಪುಡಿ ತಂದ. ಅಂಗಡಿಯ ಹಿತ್ತಿಲಲ್ಲಿ ತಗಡಿನ ಮೇಲೆ ಹರವಿ, ಅದರ ವಾಸನೆ ಸಾಯುವವರೆಗೆ ಬಿಸಿಲಿಗೆ ಬಿಟ್ಟ. ವಾಸನೆ ಸತ್ತರೂ ವಿಷ ಸತ್ತಿರಲಿಲ್ಲ. ಇರುವೆ ಸಾಲಿನ ಮೇಲೆ ಉದುರಿಸಿ ನೋಡಿ, ಅದನ್ನೂ ಖಾತ್ರಿ ಮಾಡಿಕೊಂಡ. ಇರುವೆಯೇ ತಡೆಯದ್ದನ್ನು ರೇಷ್ಮೆ ಹುಳ ತಡೆದೀತೆ? ಬೀಡಿ ಸೇದಿದವನ ಬೆರಳು ತಾಗಿದರೆ ಸಾಯುವ ಪ್ರಾಣಿ ಅದು.

ಮುಂದಿನ ಸೀಟಿನ ಮೇಲೆ ಬರುವ ಪಟ್ಟಿಗಳನ್ನು ನ್ಯಾಯವಾಗಿ ಹೊಲಿದ. ಹಿಂದಿನವಕ್ಕೆ ಪುಡಿ ತುಂಬಿ, ದಪ್ಪ ಸೂಜಿ, ತೆಳು ದಾರ ಹಾಕಿದ. ಸೂಜಿ ಬಿಟ್ಟ ತೂತು ಕಣ್ಣಿಗೆ ಕಾಣದು, ಪುಡಿಗೆ ಸಾಕು. ಮಿಕ್ಕ ಕೆಲಸವನ್ನು ಹನೂರು ರಸ್ತೆಯ ಗುಂಡಿಗಳು ಮಾಡುತ್ತವೆ. ಒಂದೊಂದು ಗುಂಡಿಗೂ ಒಂದೊಂದು ಚಿಟಿಕೆ. ಕಿಟಕಿ ಇಳಿಸಿದ ಕಾರಿನಲ್ಲಿ ಧೂಳನ್ನು ಯಾರು ನೋಡುತ್ತಾರೆ?

ಆಮೇಲಿನದನ್ನೂ ಅವನು ಯೋಚಿಸಿದ್ದ. ಹುಳ ಕಾರಲ್ಲಿ ಸಾಯುವುದಿಲ್ಲ, ಮನೆಗೆ ಹೋಗಿ ಸಾಯುತ್ತದೆ. ಹಾಲು ರೋಗ ಎನ್ನಬಹುದು, ಗಂಟು ರೋಗ ಎನ್ನಬಹುದು, ಚಾಕಿ ಕೊಟ್ಟವನದೇ ತಪ್ಪು ಎಂದು ಜಗಳಕ್ಕೂ ಹೋಗಬಹುದು. ಕಾರಿನೊಳಗೆ ತಲೆ ಎತ್ತಿ ನೋಡುವವನು ಯಾರೂ ಇಲ್ಲ. ಎತ್ತಿದರೂ ಕಾಣುವುದು ನಯವಾದ ಬೂದು ಬಟ್ಟೆ. ಇನ್ನೊಂದು ಬೆಳೆ ತಂದರೆ ಅದೂ ಹೋಗುತ್ತದೆ, ಅದರ ಮುಂದಿನದೂ. ಕೊನೆಗೆ ಶಿವಕುಮಾರಸ್ವಾಮಿಯ ಕೈಯೇ ಹುಳಕ್ಕೆ ಆಗದ ಕೈ ಎಂದು ಊರು ಮಾತಾಡಬೇಕು. ಅವನು ಅದೇ ಜಗಲಿಯ ಮೇಲೆ ನಿಂತು ಆ ಮಾತು ಕೇಳಬೇಕು. ಮಾದೇಶನಿಗೆ ಬೇಕಾದದ್ದು ಅಷ್ಟೇ.

ಕಾರು ಒಯ್ಯಲು ಬಂದ ಶಿವಕುಮಾರಸ್ವಾಮಿ ಹಿಂದಿನ ಸೀಟಿನಲ್ಲಿ ಕೂತು ಮೇಲೆ ನೋಡಿದ. ಒಂದು ಸುಕ್ಕಿಲ್ಲ.

"ಮದ್ವೆ ಚಪ್ರ ಕಟ್ದಂಗ್ ಕಟ್ಟಿದ್ದೀಯಲ್ಲೋ! ಮೈಸೂರ್ನಲ್ಲೂ ಇಂಗ್ ಒಲಿಯಲ್ಲ ಕಣ್ಲಾ."

"ನಿಮ್ ಕಾರು ಅಂತ ಮನ್ಸಿಟ್ಟು ಮಾಡ್ದೆ ಬುದ್ದಿ," ಎಂದ ಮಾದೇಶ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಅವನು ಊರ ಕಡೆ ಹೋಗಲಿಲ್ಲ. ಅಕ್ಕನಿಗೂ ಹೇಳಿ ಕಳಿಸಲಿಲ್ಲ. ಹುಳ ಸಾಯುವ ಹೊತ್ತಿಗೆ ಊರಲ್ಲಿ ತನ್ನ ನೆರಳೂ ಇರಬಾರದೆಂದು ಅಂಗಡಿಯಲ್ಲೇ ಉಂಡ, ಅಂಗಡಿಯಲ್ಲೇ ಮಲಗಿದ.

ಸುದ್ದಿ ತಂದವನು ಅವನ ಊರಿನ ನಂಜಯ್ಯ. ಗೂಡು ಮಾರಲು ಕೊಳ್ಳೇಗಾಲದ ಮಾರುಕಟ್ಟೆಗೆ ಬಂದಿದ್ದವನು ಟೀ ಅಂಗಡಿಯಲ್ಲಿ ಸಿಕ್ಕಿದ.

"ಬುದ್ದಿ ಮನೆ ಉಳ ಓಯ್ತು ಕಣ್ಲಾ ಮಾದೇಸ. ಬಾಯಲ್ಲಿ ಅಸ್ರು ನೀರು ಕಕ್ಕಂಡು, ಕತ್ತು ತಿರುಚ್ಕಂಡು ಬಿದ್ದಿದ್ದೊ. ಒಂದೂ ಮಿಗಲಿಲ್ಲ. ಗುಂಡಿ ತೋಡಿ ಮುಚ್ಚುದ್ರು."

ಮಾದೇಶ ಟೀ ಲೋಟ ಬಾಯಿಗೆ ಒತ್ತಿಕೊಂಡ, ತುಟಿ ಕಾಣಬಾರದೆಂದು. "ಯಾವ ರೋಗವಂತೆ?"

"ರೋಗ ಎಲ್ಲೀದು," ಎಂದ ನಂಜಯ್ಯ. ಅವನು ಮಾದೇಶನ ಮುಖ ನೋಡುತ್ತಿರಲಿಲ್ಲ. "ನಿಂಗೆ ಯಾರೂ ಯೋಳ್ನಿಲ್ವಾ? ಈ ಸಲಾನೂ ನಿಮ್ಮಕ್ಕನ್ ಮ್ಯಾಲೇ ಬಂತಲ್ಲೋ."

"ಅಕ್ಕಂಗೂ ಅವ್ನ ಮನೆ ಉಳಕ್ಕೂ ಏನ್ ಸಂಬಂದ? ಅವ್ಳು ಅಲ್ಲಿಗ್ಯಾಕೋದ್ಲು?"

"ಬುದ್ದೀನೇ ಕರುದ್ರಲ್ಲಪ್ಪ. ಕಾರು ತಕಂಡ್ ಬಂದ ಸಂಜೇನೇ ನಿಮ್ಮನೆ ಮುಂದೆ ನಿಲ್ಲುಸ್ಬುಟ್ಟು, 'ನಿನ್ ತಮ್ಮ ಎಂತಾ ಕೆಲ್ಸಗಾರ ಕಣಮ್ಮಿ, ಕೆಲ್ಸುಕ್ ಯಾಕ್ ಬರೋದ್ ಬುಟ್ಟೆ, ಚಾಕಿ ತರಕ್ಕೆ ನೀನೇ ಬಾ' ಅಂದ್ರು. ಅವ್ಳು ಅಳ್ತಾ ಅಳ್ತಾ ಒಪ್ಕಂಡ್ಲು. ಉಳ ಸತ್ತಾಗ ಜನ ಸುಮ್ನಿದ್ದರಾ? ಸೆರಗಿಡ್ದು ಎಳುದ್ರು. ಬೆಳಗಾನೆ ಬೆಟ್ಟದ ಕಡೆ ಬಸ್ ಅತ್ತುದ್ಲು ಅಂತ ಯಾರೋ ಅಂದ್ರು. ಅಲ್ಲಿಂದ ಮೆಟ್ಟೂರೋ ಎಲ್ಲೋ. ಬಂದಿಲ್ಲ."

ಹುಳ ಸಾಯುವುದಕ್ಕೆ ಇರುವ ಕಾರಣಗಳನ್ನೆಲ್ಲ ಮಾದೇಶ ಎಣಿಸಿದ್ದ. ಹುಳ ಸತ್ತರೆ ಊರು ಮೊದಲು ರೋಗವನ್ನು ಹುಡುಕುವುದಿಲ್ಲ, ಹೆಂಗಸನ್ನು ಹುಡುಕುತ್ತದೆ ಎನ್ನುವುದನ್ನು ಮಾತ್ರ ಬಿಟ್ಟಿದ್ದ. ತನ್ನ ಮನೆಯಲ್ಲೇ ಆದದ್ದನ್ನು ಬಿಟ್ಟಿದ್ದ. ಈಗ ಹೋಗಿ ಟಾಪು ಹರಿದು ಪುಡಿ ತೋರಿಸಬಹುದು. ಊರು ನಂಬುತ್ತದೆ ಕೂಡ: ತಮ್ಮ ವಿಷ ಇಟ್ಟ, ಅಕ್ಕ ಕೊಂಡೊಯ್ದಳು ಎಂದು. ಯಾಕೆಂದರೆ ಕೊಳ್ಳೇಗಾಲದಿಂದ ಊರವರೆಗೂ ಆ ಹಿಂದಿನ ಸೀಟಿನಲ್ಲಿ, ತಲೆಗೆ ಸ್ನಾನ ಮಾಡಿ, ಮೇಲಿನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವಳು ಶಿವನಂಜಮ್ಮ. ಶಿವಕುಮಾರಸ್ವಾಮಿಗೆ ಹೋದದ್ದು ಒಂದು ಬೆಳೆ. ಮಾದೇಶನಿಗೆ ಹೋದದ್ದು ಒಬ್ಬಳು ಅಕ್ಕ, ಇದ್ದವಳೂ ಅವಳೊಬ್ಬಳೇ.